ಪಪ್ಪನ ಬಿಳಿ ಕೋಟು

ನಾನು ನಾಲ್ಕನೇ ವಯಸ್ಸಿನಿಂದ ಹತ್ತರವರೆಗೆ ಬೆಳೆದ ಮನೆಗೆ ಬೀದಿಯ ಕಡೆಗೆ ಬಾಗಿಲೇ ಇರಲಿಲ್ಲ. ಕುವೈತಿನ ಮಹಬೂಲಾದ ಕಡಲ ಬದಿಯಲ್ಲಿ ಎತ್ತರದ ಗೋಡೆಯೊಳಗೆ ಎಂಟು ವಿಲ್ಲಾಗಳಿದ್ದವು. ಎಂಟರಲ್ಲೂ ಇಂಗ್ಲಿಷರು. ಐದನೆಯ ವಿಲ್ಲಾದ ಹಿಂಭಾಗದಲ್ಲಿ, ನೀರಿನ ಟ್ಯಾಂಕಿಗೂ ಕಾಂಪೌಂಡ್ ಗೋಡೆಗೂ ನಡುವೆ ಎರಡು ಸಣ್ಣ ಕೋಣೆಗಳನ್ನು ಕಟ್ಟಿದ್ದರು. ಅದು ನಮ್ಮ ಮನೆ. ಒಳಗೆ ಬರಬೇಕಾದರೆ ವಿಲ್ಲಾದ ಅಡುಗೆಮನೆಯ ಹಿಂಬಾಗಿಲನ್ನು ದಾಟಿ, ಎಸಿಗಳು ಬಿಸಿಗಾಳಿ ಉಗುಳುವ ಓಣಿಯಲ್ಲಿ ಮೈ ಅಡ್ಡ ಮಾಡಿಕೊಂಡು ನಡೆಯಬೇಕಿತ್ತು. ಮೊದಲ ಕೋಣೆಯಲ್ಲಿ ಗ್ಯಾಸ್ ಒಲೆ, ಮಡಚುವ ಮೇಜು, ಒಂದು ಕಬ್ಬಿಣದ ಕಪಾಟು. ಕಪಾಟಿನ ಮೇಲಿನ ಖಾನೆಯಲ್ಲಿ ದೇವರು. ಎರಡನೆಯದರಲ್ಲಿ ನಾವು ಮೂವರು ಮಲಗುವ ಮಂಚ ಮತ್ತು ಚಾಪೆ, ಮಂಚದಡಿಯಲ್ಲಿ ಪೆಟ್ಟಿಗೆಗಳು. ಧೂಳಿನ ಗಾಳಿ ಎದ್ದ ದಿನ ಅಮ್ಮ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ಆದರೂ ಸಂಜೆಗೆ ಅನ್ನದಲ್ಲಿ ಮರಳು ಕಚ್ಚುತ್ತಿತ್ತು. ಕಿಟಕಿ ಇದ್ದದ್ದು ಒಂದೇ. ಅದರಿಂದ ಎರಡು ವಿಲ್ಲಾಗಳ ನಡುವಿನ ಸಂದಿಯಲ್ಲಿ ಒಳರಸ್ತೆಯ ಒಂದು ಚೂರು ಕಾಣುತ್ತಿತ್ತು. ಇಂಗ್ಲಿಷರ ಬದುಕನ್ನು ನಾನು ಮೊದಲು ನೋಡಿದ್ದು ಆ ಒಂದು ಚೂರಿನಲ್ಲಿ.

ಪಪ್ಪನ ಹೆಸರು ಸಂಜೀವ. ಮುಂಬೈಯ ಹೋಟೆಲೊಂದರಲ್ಲಿ ಹತ್ತಾರು ವರ್ಷ ಅಡುಗೆ ಮಾಡಿ ಈ ಮನೆಗೆ ಅಡುಗೆಯವರಾಗಿ ಬಂದಿದ್ದರು. ಮನೆಯ ಯಜಮಾನಿ ಹೆಲೆನ್ ಮೇಡಂಗೆ ಆ ಹೆಸರು ನಾಲಗೆಯಲ್ಲಿ ತಿರುಗದೆ, ಮೊದಲ ವಾರದಲ್ಲೇ ಅವರನ್ನು ‘ಸ್ಯಾಮ್’ ಮಾಡಿದ್ದರು. ಅವರ ಮಗಳು ಎಮಿ, ನನ್ನ ವಯಸ್ಸಿನವಳು, ನನ್ನನ್ನು ಪ್ರೀತಿ ಎನ್ನಲಾರದೆ ‘ಪ್ರಿಟಿ’ ಎನ್ನುತ್ತಿದ್ದಳು. ಅದು ಹೊಗಳಿಕೆ ಎಂದು ನಾನು ಬಹಳ ಕಾಲ ನಂಬಿದ್ದೆ. ಮನೆಗೆಲಸದವರ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸಲು ಆಗುತ್ತಿರಲಿಲ್ಲವಾದ್ದರಿಂದ ಮೇಡಂ ಅವರ ಗಂಡ, ಸರ್, ತಮ್ಮ ಕಂಪನಿಯಲ್ಲಿ ಪಪ್ಪನನ್ನು ಆಫೀಸ್ ಸಿಬ್ಬಂದಿ ಎಂದು ತೋರಿಸಿ ನಮಗೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮಾಡಿಸಿದ್ದರು. ಒಳ್ಳೆಯ ಮನುಷ್ಯ. ಆದರೆ ಆ ಒಳ್ಳೆಯತನದ ಮೇಲೆಯೇ ನಾವು ಮೂವರೂ ನಿಂತಿದ್ದೆವು. ಅವರು ಒಂದು ಕಾಗದಕ್ಕೆ ಸಹಿ ಹಾಕದಿದ್ದರೆ ಖಲಾಸ್, ನಾವು ವಿಮಾನ ಹತ್ತಬೇಕು ಎಂಬುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ನಾನು ಜೋರಾಗಿ ಅತ್ತರೂ ಅಮ್ಮ ಕಿಟಕಿ ಮುಚ್ಚುತ್ತಿದ್ದಳು.

ಇಂಗ್ಲಿಷರ ಭಾನುವಾರದ ರೋಸ್ಟ್ ಕುವೈತಿನಲ್ಲಿ ಶುಕ್ರವಾರ ಆಗುತ್ತಿತ್ತು, ರಜೆ ಆ ದಿನವಾದ್ದರಿಂದ. ಬೆಳಿಗ್ಗೆಯಿಂದಲೇ ದನದ ಮಾಂಸದ ದೊಡ್ಡ ತುಂಡು ಓವನ್ನಿನಲ್ಲಿ ಬೇಯುತ್ತಿತ್ತು. ಅದರ ಜೊತೆಗೆ ಕೊಬ್ಬಿನಲ್ಲಿ ಹುರಿದ ಬಟಾಟೆ, ಬೇಯಿಸಿದ ಬಟಾಣಿ, ಮತ್ತು ಯಾರ್ಕ್‌ಶೈರ್ ಪುಡಿಂಗ್ ಎಂಬ ಉಬ್ಬಿದ ಹಿಟ್ಟಿನ ಬಟ್ಟಲುಗಳು. ಪುಡಿಂಗ್ ಎಂದರೂ ಅದರಲ್ಲಿ ಸಿಹಿಯಿಲ್ಲ. ಪಪ್ಪ ಆ ಮಾಂಸವನ್ನು ಒಮ್ಮೆಯೂ ಬಾಯಿಗೆ ಹಾಕಿದವರಲ್ಲ. ವಾಸನೆಯಿಂದಲೇ ಉಪ್ಪು ಗೊತ್ತಾಗುತ್ತದೆ ಎನ್ನುತ್ತಿದ್ದರು. ರುಚಿ ನೋಡದೆ ಮಾಡಿದ ಅಡುಗೆಯನ್ನು ಎಂಟು ಮನೆಯವರು ಹೊಗಳುತ್ತಾರೆ ಎಂಬುದು ಅವರ ಬದುಕಿನ ಒಂದೇ ಹೆಮ್ಮೆ ಇರಬೇಕು. ಅಮ್ಮನಿಗೆ ಅದು ಹೆಮ್ಮೆಯಾಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಪಪ್ಪ ಬರುವಾಗ ಬಾಗಿಲ ಹೊರಗೆ ಬಕೆಟ್ ನೀರು, ಸಾಬೂನು, ಒಗೆದ ಲುಂಗಿ ಇಟ್ಟಿರುತ್ತಿದ್ದಳು. ಟ್ಯಾಂಕಿನ ಮರೆಯಲ್ಲಿ ಮಿಂದು, ಬಟ್ಟೆ ಬದಲಿಸಿದ ಮೇಲೆಯೇ ಒಳಗೆ. ಚಳಿಗಾಲದಲ್ಲಿ ಅವರು ಹಲ್ಲು ಕಟಕಟಿಸುತ್ತಾ ಮೀಯುವ ಸದ್ದು ಕೇಳುತ್ತಿತ್ತು. ಒಂದು ದಿನವೂ ಅವರು ಅದಕ್ಕೆ ಎದುರಾಡಿದ್ದಿಲ್ಲ. ಮಿಂದು ಬಂದು, ನಮ್ಮ ಸಣ್ಣ ಓವನ್ನಿನಲ್ಲಿ ಸೂರ್ಯಕಾಂತಿ ಎಣ್ಣೆ ಕಾಯಿಸಿ ನನಗೆಂದೇ ನಾಲ್ಕು ಯಾರ್ಕ್‌ಶೈರ್ ಪುಡಿಂಗ್ ಮಾಡುತ್ತಿದ್ದರು. ಅದರ ಗುಳಿಯೊಳಗೆ ಅಮ್ಮನ ಬೂತಾಯಿ ಮೀನಿನ ಗಸಿ ಸುರಿದುಕೊಂಡು ನಾನು ತಿನ್ನುತ್ತಿದ್ದೆ. ಕೊನೆಗೆ ಉಳಿದ ಒಂದನ್ನು ಅಮ್ಮ, ಯಾರೂ ನೋಡುತ್ತಿಲ್ಲ ಎಂಬ ಹಾಗೆ, ಒಲೆ ಒರೆಸುತ್ತಲೇ ತಿಂದುಬಿಡುತ್ತಿದ್ದಳು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಸಂತೋಷವಾಗಿದ್ದ ಗಳಿಗೆ ಯಾವುದು ಎಂದು ಕೇಳಿದರೆ ನನಗೆ ಅದೊಂದೇ ನೆನಪಾಗುತ್ತದೆ.

ವರ್ಷಕ್ಕೊಮ್ಮೆ, ಅವರ ಉಪವಾಸದ ದಿನಗಳು ಶುರುವಾಗುವ ಹಿಂದಿನ ಮಂಗಳವಾರ, ಒಳರಸ್ತೆಯಲ್ಲಿ ಪ್ಯಾನ್‌ಕೇಕ್ ಓಟ ನಡೆಯುತ್ತಿತ್ತು. ದೊಡ್ಡ ದೊಡ್ಡ ಎಂಜಿನಿಯರುಗಳು, ಅವರ ಹೆಂಡಂದಿರು ತಲೆಗೆ ಬಟ್ಟೆ ಕಟ್ಟಿ, ಏಪ್ರನ್ ತೊಟ್ಟು, ಕೈಯಲ್ಲಿ ಕಾವಲಿ ಹಿಡಿದು, ಅದರಲ್ಲಿನ ದೋಸೆಯಂಥದ್ದನ್ನು ಗಾಳಿಗೆ ಹಾರಿಸಿ ಹಿಡಿಯುತ್ತಾ ಓಡುವುದು. ಗೇಟಿನ ಕಾವಲುಗಾರನೂ ಕುರ್ಚಿ ತಂದು ಕೂತು ನೋಡುತ್ತಿದ್ದ. ಹುಯ್ದಿಟ್ಟ ಅರವತ್ತು ಪ್ಯಾನ್‌ಕೇಕ್ ಪಪ್ಪನದ್ದು. ಒಂದು ವರ್ಷ ಓಡುವವರಲ್ಲಿ ಒಬ್ಬರು ಕಡಿಮೆಯಾದರು. ಯಾರೋ ‘ಸ್ಯಾಮ್! ಸ್ಯಾಮ್!’ ಎಂದು ಕೂಗಿದರು. ಪಪ್ಪನ ಸೊಂಟಕ್ಕೆ ಹೂವಿನ ಏಪ್ರನ್ ಕಟ್ಟಿ, ಕೈಗೆ ಕಾವಲಿ ಕೊಟ್ಟರು. ಅವರು ಓಡಿದರು. ಎಲ್ಲರಿಗಿಂತ ಮುಂದೆ ಓಡಿದರು. ಪ್ಯಾನ್‌ಕೇಕ್ ಮೂರು ಸಲ ಹಾರಿ ಮೂರು ಸಲವೂ ಅವರ ಕಾವಲಿಗೇ ಬಂದು ಬಿತ್ತು. ನಾನು ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಕೊನೆಯ ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಪಪ್ಪ ನಿಧಾನವಾದರು, ಹಿಂದೆ ತಿರುಗಿ ನೋಡಿದರು, ಮೂರನೆಯ ವಿಲ್ಲಾದ ದಪ್ಪಗಿನ ಮೇಡಂ ಏದುಸಿರು ಬಿಡುತ್ತಾ ಅವರನ್ನು ದಾಟಿ ಹೋಗುವವರೆಗೆ ಕಾದರು. ಎಲ್ಲರೂ ನಕ್ಕು ಕೂಗಿದರು. ನನ್ನ ಹಿಂದೆ ಅಮ್ಮ ನಿಂತಿದ್ದಳೆಂದು ಆಗಲೇ ನನಗೆ ಗೊತ್ತಾದದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಕೇಳಿದಳು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು; ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವು ಯಾಕೆ ನಿಂತದ್ದು?”

“ಎಲ್ಲಿ?”

“ಗೆರೆ ಹತ್ರ. ಓಡುದಾದ್ರೆ ಸರಿ ಓಡ್ಬೇಕಿತ್ತು. ಇಲ್ಲದಿದ್ರೆ ಓಡ್ಲೇಬಾರ್ದಿತ್ತು.”

“ಆಟ ಅಲ್ವಾ ಮಾರಾಯ್ತಿ.”

“ಅವ್ರಿಗೆ ಆಟ.”

ಪಪ್ಪ ತಲೆ ತಗ್ಗಿಸಿ ಅನ್ನ ಕಲಸಿದರು. ಅಮ್ಮನ ಜಗಳ ಯಾವಾಗಲೂ ಹಾಗೆಯೇ: ಎರಡು ಮಾತು, ಆಮೇಲೆ ನಾಲ್ಕು ದಿನದ ಮೌನ. ಆ ಮೌನದಲ್ಲಿ ಸ್ಟೀಲ್ ತಟ್ಟೆಗಳು ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಬೇರೆ. ಕಿಟಕಿಯ ಆಚೆ, ಆ ರಸ್ತೆಯಲ್ಲಿ ನಾನೂ ಇರಬೇಕಿತ್ತು. ಬೇರೆ ಮಕ್ಕಳಿಲ್ಲದ ದಿನ ಎಮಿ ನನ್ನ ಜೊತೆ ಆಡುತ್ತಿದ್ದಳು. ಅವರು ಬಂದ ಕೂಡಲೇ ನಾನು ಚೆಂಡು ಹೆಕ್ಕುವವಳು, ಹಗ್ಗದ ತುದಿ ಹಿಡಿಯುವವಳು.

ನನಗೆ ಹತ್ತು ವರ್ಷವಾದ ನವೆಂಬರಿನಲ್ಲಿ ಕಾಂಪೌಂಡಿನ ಮಕ್ಕಳು ‘ಗೈ’ ಮಾಡತೊಡಗಿದರು. ನಾನೂರು ವರ್ಷದ ಹಿಂದೆ ಅವರ ರಾಜನನ್ನು ಮದ್ದು ಸಿಡಿಸಿ ಕೊಲ್ಲಲು ಹೊರಟು ಸಿಕ್ಕಿಬಿದ್ದವನಂತೆ ಆ ಮನುಷ್ಯ. ಪ್ರತಿ ವರ್ಷ ಅವನ ಬೊಂಬೆ ಮಾಡಿ, ಗಾಡಿಯಲ್ಲಿ ಕೂರಿಸಿ, ಮನೆ ಮನೆಯ ಮುಂದೆ ಎಳೆದು ಪುಡಿಗಾಸು ಕೇಳಿ, ಕೊನೆಗೆ ಕಟ್ಟಿಗೆ ರಾಶಿಯ ಮೇಲಿಟ್ಟು ಸುಡುವುದು. ಸುಲೈಬಿಯಾದ ಮಾರ್ಕೆಟಿನಿಂದ ಈರುಳ್ಳಿ ಬಂದ ಗೋಣಿಯಲ್ಲಿ ತಲೆ ಮಾಡಿದರು, ಸರ್ ಅವರ ಹಳೆ ಪ್ಯಾಂಟಿಗೆ ಪೇಪರ್ ತುಂಬಿದರು. ಸೂಪರ್‌ಮಾರ್ಕೆಟಿನ ಒಂದು ಹಳೆ ಟ್ರಾಲಿ ಎಲ್ಲಿಂದಲೋ ಬಂತು. ಮೇಲಂಗಿ ಮಾತ್ರ ಸಿಗಲಿಲ್ಲ. ಕೋಟು ತಂದವರು ಟ್ರಾಲಿ ಎಳೆಯಬಹುದು ಎಂದು ಎಮಿ ಹೇಳಿದಳು. ಎಲ್ಲರಿಗೂ ಹೇಳಿದಳು, ನಾನೂ ಅಲ್ಲಿದ್ದೆ.

ನಮ್ಮ ಮಂಚದಡಿಯ ಪೆಟ್ಟಿಗೆಯಲ್ಲಿ ಪಪ್ಪನ ಮುಂಬೈ ಹೋಟೆಲಿನ ಕೋಟು ಇತ್ತು. ದಪ್ಪ ಬಿಳಿ ಬಟ್ಟೆ, ಎರಡು ಸಾಲು ಗುಂಡಿ, ಎದೆಯ ಮೇಲೆ ನೀಲಿ ನೂಲಿನಲ್ಲಿ ಸಂಜೀವ ಎಂದು ಇಂಗ್ಲಿಷಿನಲ್ಲಿ ಹೊಲಿದ ಹೆಸರು. ಪಪ್ಪನಿಗೆ ಅದು ಬಿಗಿಯಾಗಿ ವರ್ಷಗಳಾಗಿದ್ದವು. ಮದುವೆಗೆ ಮೊದಲು ಅಮ್ಮನ ಮನೆಗೆ ಕಳಿಸಿದ ಫೋಟೊದಲ್ಲಿ ಅವರು ತೊಟ್ಟಿದ್ದದ್ದು ಅದೇ ಕೋಟು. ಅಮ್ಮ ಅವರನ್ನು ಮೊದಲು ನೋಡಿದ್ದು ಆ ಫೋಟೊದಲ್ಲಿ. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಮ್ಮ ಬಟ್ಟೆ ಒಣಹಾಕಲು ಹೋದ ಹೊತ್ತಿನಲ್ಲಿ ಪೆಟ್ಟಿಗೆ ಎಳೆದು ಕೋಟು ತೆಗೆದು, ಶಾಲೆಯ ಬ್ಯಾಗಿನಲ್ಲಿ ಹಾಕಿಕೊಂಡು ಓಡಿದೆ. ಮಕ್ಕಳು ಹೋ ಎಂದರು. ಗೈಗೆ ಕೋಟು ತೊಡಿಸಿದಾಗ ನಿಜವಾದ ಮನುಷ್ಯನೇ ಕೂತ ಹಾಗಾಯಿತು. ಎಮಿ ಟ್ರಾಲಿಯ ಹಿಡಿ ನನ್ನ ಕೈಗೆ ಕೊಟ್ಟಳು. ಒಂದನೆಯ ವಿಲ್ಲಾದಿಂದ ಎಂಟನೆಯದರವರೆಗೆ ನಾನು ಎಳೆದೆ, ಎಲ್ಲರ ಜೊತೆ ‘ಪೆನಿ ಫಾರ್ ದ ಗೈ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಬಾಗಿಲು ತೆರೆದವರು ನಮ್ಮ ಡಬ್ಬಕ್ಕೆ ನಾಣ್ಯ ಹಾಕಿದರು, ಚಾಕೊಲೇಟ್ ಕೊಟ್ಟರು, ನನ್ನ ತಲೆಯನ್ನೂ ಸವರಿದರು. ಆ ಅರ್ಧ ಗಂಟೆ ನಾನು ಆ ರಸ್ತೆಯವಳಾಗಿದ್ದೆ.

ಎಂಟನೆಯ ವಿಲ್ಲಾ ಮುಗಿದ ಮೇಲೆ ಎಮಿ, ಈಗ ಪ್ರಿಟಿಯ ಮನೆ ಎಂದಳು. ಬೇಡ ಅಂದೆ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು, ನನ್ನ ಮನೆಯನ್ನು ಬಿಡಬಾರದೆಂದು. ಟ್ರಾಲಿ ಓಣಿಯಲ್ಲಿ ಸಿಕ್ಕಿಕೊಂಡಿತು. ನಾಲ್ಕು ಮಕ್ಕಳು ಹಿಂದಿನಿಂದ ತಳ್ಳಿದರು. ಸದ್ದು ಕೇಳಿ ಅಮ್ಮ ಬಾಗಿಲು ತೆಗೆದಳು. ಕೈತುಂಬ ಅಕ್ಕಿಹಿಟ್ಟು. ಅವಳು ಮೊದಲು ಮಕ್ಕಳನ್ನು ನೋಡಿ ನಗಲು ಹೊರಟಳು, ಆಮೇಲೆ ಬೊಂಬೆಯನ್ನು ನೋಡಿದಳು, ಆಮೇಲೆ ಅದರ ಎದೆಯ ಮೇಲಿನ ಹೆಸರನ್ನು. ನನಗೆ ಮಾತ್ರ ತಿಳಿಯುವ ಹಾಗೆ ಮೆಲ್ಲ ಕೇಳಿದಳು:

“ಇದು ಯಾರು ಕೊಟ್ಟದ್ದು?”

“ಪಪ್ಪ,” ಅಂದೆ.

ಅಷ್ಟು ಸುಲಭವಾಗಿ ಬಂತು ಆ ಮಾತು. ಅಮ್ಮ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ನಾಣ್ಯ ತಂದು ಎಮಿಯ ಡಬ್ಬಕ್ಕೆ ಹಾಕಿದಳು. ಮಕ್ಕಳು ‘ಥ್ಯಾಂಕ್ಯೂ ಆಂಟಿ’ ಎಂದರು. ಬಾಗಿಲು ಮುಚ್ಚಿತು.

ಮಧ್ಯಾಹ್ನದ ಬಿಡುವಿಗೆ ಪಪ್ಪ ಬಂದಾಗ ನಾನು ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ನಡುವಿನ ಪರದೆ ಅರ್ಧ ಸರಿದಿತ್ತು.

“ಕೋಟು ನೀವಾ ಕೊಟ್ಟದ್ದು?”

“ಯಾವ ಕೋಟು?”

“ಬೊಂಬೆಗೆ ಹಾಕ್ಲಿಕ್ಕೆ. ನೀವು ಕೊಟ್ಟದ್ದಂತೆ. ಇವಳು ಹೇಳಿದ್ದು.”

ಪಪ್ಪ ಪರದೆಯ ಸಂದಿಯಿಂದ ನನ್ನ ಕಡೆ ನೋಡಿದರು. ನಾನು ಪುಸ್ತಕದಿಂದ ಕಣ್ಣು ಎತ್ತಿದೆ. ಅವರಿಗೆ ಎಲ್ಲ ಅರ್ಥವಾದದ್ದನ್ನು ನಾನು ಕಂಡೆ. ಹೇಳಿಬಿಡುತ್ತಾರೆ ಎಂದು ಕಾದೆ.

“ಹೌದು. ಹಳೇದಲ್ವಾ, ಮಕ್ಕಳು ಕೇಳಿದ್ರು,” ಅಂದರು.

“ಸುಡ್ಲಿಕ್ಕೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ನಿಮ್ಮ ಹೆಸರು ಉಂಟು ಅದ್ರಲ್ಲಿ. ನಮ್ಮಲ್ಲಿ ಸತ್ತವರ ಬಟ್ಟೆ ಸುಡುದು. ಬದುಕಿದ್ದವರದ್ದು ಯಾರು ಬೆಂಕಿಗೆ ಹಾಕ್ತಾರೆ? ಹೋಗಿ ತನ್ನಿ.”

“ಈಗ ಹೇಗೆ ಕೇಳುದು...”

“ಬಾಯಲ್ಲಿ ಕೇಳುದು. ಅವ್ರಿಗೋಸ್ಕರ ಓಟದಲ್ಲಿ ಸೋತಿದ್ದೀರಿ. ನನಗೋಸ್ಕರ ಒಂದು ಮಾತು ಕೇಳಿ.”

ಪಪ್ಪ ಹೋದರು. ನಾನು ಓಣಿಯವರೆಗೆ ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲ ಬದಿಯಲ್ಲಿ ನಿಂತೆ. ಅವರು ಮೇಡಂ ಮುಂದೆ ಕೈ ಕಟ್ಟಿ, ಕೋಟು ಮನೆಯಲ್ಲಿ ಬೇಕಿತ್ತು, ಬೇರೆ ಹಳೆ ಶರ್ಟು ತಂದುಕೊಡುತ್ತೇನೆ ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ನಕ್ಕರು, ಅದರಲ್ಲಿ ಕುಹಕವಿರಲಿಲ್ಲ. ಈಗ ಬಿಚ್ಚಿದರೆ ಮಕ್ಕಳು ಅತ್ತುಬಿಡುತ್ತಾರೆ, ಹೊಸ ಕೋಟು ಎರಡು ಹೊಲಿಸಿಕೊಡುತ್ತೇನೆ, ಹೆಸರನ್ನೂ ಹಾಕಿಸುತ್ತೇನೆ ಎಂದರು. ಪಪ್ಪ ಎರಡನೆಯ ಸಲ ಕೇಳಲಿಲ್ಲ. ‘ನೋ ಪ್ರಾಬ್ಲಂ ಮೇಡಂ’ ಎಂದು ಹೊರಗೆ ಬಂದವರು ನನ್ನನ್ನು ನೋಡಿ ನಿಂತರು. ಬಯ್ಯಲಿಲ್ಲ. ಬಗ್ಗಿ, ನನ್ನ ಭುಜ ಹಿಡಿದು ಹೇಳಿದರು:

“ಇನ್ನು ಅಮ್ಮನ ಹತ್ರ ಎಂತದೂ ಹೇಳ್ಬೇಡ. ನಾನು ಹೇಳಿ ಆಯ್ತಲ್ಲ. ಈಗ ಬದಲಿಸಿದ್ರೆ ನಿನಗೂ ಪೆಟ್ಟು, ನನಗೂ ಮಾತು.”

ಎರಡು ದಿನ ಕಳೆದು, ಕಾಂಪೌಂಡಿನ ಹಿಂದಿನ ಮರಳಿನ ಜಾಗದಲ್ಲಿ ಸಂಜೆ ಬೆಂಕಿ ಹಾಕಿದರು. ಅಮ್ಮ ಬರಲಿಲ್ಲ. ಪಪ್ಪನಿಗೆ ಅಲ್ಲಿ ಕೆಲಸವಿತ್ತು. ಕೆಂಡದಲ್ಲಿ ಸುಟ್ಟ ಬಟಾಟೆಗೆ ಬೆಣ್ಣೆ ಹಾಕಿಕೊಡುವುದು, ಸಾಸೇಜ್ ತಿರುವಿಹಾಕುವುದು, ಬೆಲ್ಲದ ಹಾಗಿರುವ ಕಪ್ಪು ಮಿಠಾಯಿಯನ್ನು ಸುತ್ತಿಗೆಯಿಂದ ಒಡೆದು ಹಂಚುವುದು. ಎಲ್ಲರೂ ಹತ್ತರಿಂದ ಹಿಂದಕ್ಕೆ ಎಣಿಸಿದರು. ಉರಿ ಮೊದಲು ಪ್ಯಾಂಟಿಗೆ ಹತ್ತಿತು. ಕೋಟು ಬಹಳ ಹೊತ್ತು ಬಿಳಿಯಾಗಿಯೇ ಇತ್ತು, ಆಮೇಲೆ ಒಮ್ಮೆಲೇ ಕಂದಿ ಮುದುಡಿತು. ಗೈಯ ತೋಳು ಎದ್ದು ನಿಂತ ಹಾಗೆ ಮೇಲಕ್ಕೆ ಬಂತು. ಮಕ್ಕಳು ಕಿರುಚಿದರು. ಎಮಿ ನನ್ನ ಕೈ ಹಿಡಿದು ಕುಣಿದಳು, ನಾನೂ ಕುಣಿದೆ. ಪಪ್ಪ ಬೆಂಕಿಗೆ ಬೆನ್ನು ಮಾಡಿ ನಿಂತು ಬಟಾಟೆ ಸೀಳುತ್ತಿದ್ದರು. ಮನೆಗೆ ಹೋದಾಗ ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. ನಮ್ಮಿಬ್ಬರ ಬಟ್ಟೆಯ ಹೊಗೆ ವಾಸನೆ ಕೋಣೆಯಲ್ಲಿ ತುಂಬಿತು. ಅವಳು ಎದ್ದು, ಹೊರಗೆ ಬಕೆಟ್‌ನಲ್ಲಿ ನೀರು ಇಟ್ಟಳು. ಆ ದಿನ ನಾನೂ ಟ್ಯಾಂಕಿನ ಮರೆಯಲ್ಲಿ ಮಿಂದೆ.

ಹೊಸ ಕೋಟುಗಳು ಬಂದವು. ಎದೆಯ ಮೇಲೆ ಚೆಂದದ ಅಕ್ಷರಗಳಲ್ಲಿ ‘ಸ್ಯಾಮ್’ ಎಂದು ಹೊಲಿದಿತ್ತು. ಅಮ್ಮ ಅವನ್ನು ಒಗೆದಳು, ಇಸ್ತ್ರಿ ಮಾಡಿದಳು. ನಾಲ್ಕು ದಿನದಲ್ಲಿ ಮುಗಿಯಬೇಕಿದ್ದ ಮೌನ ಈ ಸಲ ಮುಗಿಯಲಿಲ್ಲ. ಪಪ್ಪ ಊಟಕ್ಕೆ ಕೂತರೆ ಬಡಿಸುತ್ತಿದ್ದಳು, ಅನ್ನ ಸಾಕಾ ಎಂದು ಕೇಳುತ್ತಿದ್ದಳು. ಅಷ್ಟೇ. ನನ್ನ ಪರೀಕ್ಷೆ ಮುಗಿದ ವಾರ, ನಾವಿಬ್ಬರು ಊರಿಗೆ ಹೋಗುತ್ತೇವೆ ಎಂದಳು. ಪಪ್ಪ ಒಂದೆರಡು ಸಲ ಬೇಡವೆಂದರು. ಏರ್‌ಪೋರ್ಟಿನಲ್ಲಿ ಅವರು ನನ್ನನ್ನು ಅಪ್ಪಿಕೊಂಡಾಗ ಈಗಲಾದರೂ ಹೇಳಿಬಿಡೋಣವೆಂದು ನನ್ನ ಬಾಯಿ ತೆರೆಯಿತು. ಅವರು ತಲೆ ಅಲ್ಲಾಡಿಸಿದರು. ಅಮ್ಮ ಆಗಲೇ ಸಾಲಿನಲ್ಲಿ ಮುಂದೆ ಹೋಗಿದ್ದಳು.

ನಾವು ಕಿನ್ನಿಗೋಳಿಯಲ್ಲಿ, ಚಿಕ್ಕಮ್ಮನ ಮನೆಯ ಹತ್ತಿರ ಬಾಡಿಗೆಗೆ ಇದ್ದೆವು. ಪಪ್ಪ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳಿಗೆ ಬರುತ್ತಿದ್ದರು. ನೆಂಟರಿಗೆ ಮಾಡುವ ಹಾಗೆ ಅಮ್ಮ ಅವರಿಗೆ ಕೋಳಿ ಸುಕ್ಕ, ನೀರುದೋಸೆ ಮಾಡಿ ಬಡಿಸುತ್ತಿದ್ದಳು. ಜಗಲಿಯಲ್ಲಿ ಅವರ ಪಕ್ಕ ಒಂದು ದಿನವೂ ಕೂರಲಿಲ್ಲ. ಫೋನಿನಲ್ಲಿ ನನ್ನ ಮಾರ್ಕು, ನನ್ನ ಜ್ವರ, ಇಷ್ಟೇ ಮಾತು. ನಾನು ನರ್ಸಿಂಗ್ ಎರಡನೆಯ ವರ್ಷದಲ್ಲಿರುವಾಗ ಪಪ್ಪ ಒಂದು ಬೆಳಿಗ್ಗೆ ಮಹಬೂಲಾದ ಕೋಣೆಯಲ್ಲಿ ಹೃದಯ ನಿಂತು ತೀರಿಹೋದರು. ಆಗ ಇಂಗ್ಲಿಷರ ಮನೆ ಬಿಟ್ಟು ನಾಲ್ವರ ಜೊತೆ ಕೋಣೆ ಹಂಚಿಕೊಂಡಿದ್ದರು. ಜೊತೆಗಿದ್ದ, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಯೊಬ್ಬರು ಕಾಗದಪತ್ರಕ್ಕೆ ಓಡಾಡಿ ಅವರನ್ನು ಊರಿಗೆ ಕಳಿಸಿಕೊಟ್ಟರು. ಚಿತೆ ಹತ್ತಿದ ಮೇಲೆ ಚಿಕ್ಕಮ್ಮ ಅಳುತ್ತಾ ಅಮ್ಮನನ್ನು ತಬ್ಬಿದಾಗ ಅಮ್ಮ ಹೇಳಿದ ಒಂದೇ ಮಾತು ನನಗೆ ಕೇಳಿಸಿತು.

“ಬೆಂಕಿಗೆ ಆವತ್ತೇ ಹಾಕಿ ಆಗಿತ್ತಲ್ಲ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಪಪ್ಪನಿಗೆ ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಮಾತಲ್ಲ, ಹೆದರಿಕೆ.

ನಾನು ಈಗ ಕುವೈತಿನಲ್ಲೇ ನರ್ಸ್. ಅಬು ಹಲೀಫಾದಲ್ಲಿ ಫ್ಲಾಟು, ಗಂಡ, ಹತ್ತು ವರ್ಷದ ಮಗಳು ದಿಯಾ. ಕಳೆದ ಚಳಿಗಾಲ ಅಮ್ಮ ವಿಸಿಟ್ ವೀಸಾದಲ್ಲಿ ಒಂದು ತಿಂಗಳಿಗೆ ಬಂದಿದ್ದಳು. ದಿಯಾಳದ್ದು ಇಂಗ್ಲಿಷ್ ಸಿಲೆಬಸ್ಸಿನ ಶಾಲೆ. ಒಂದು ಮಧ್ಯಾಹ್ನ ಅವಳು ಬ್ಯಾಗ್ ಎಸೆದು, ಕಿತ್ತಳೆ ಬಣ್ಣದ ಕಾಗದದ ಜ್ವಾಲೆಗಳನ್ನು ಅಂಟಿಸಿದ ಒಂದು ಚಾರ್ಟ್ ತಂದು ಅಜ್ಜಿಗೆ ತೋರಿಸಿದಳು. ಅಮ್ಮ ಅಡುಗೆಮನೆಯಲ್ಲಿ ಕೂತು ಬಸಳೆ ಕೊಚ್ಚುತ್ತಿದ್ದಳು.

“ಅಜ್ಜೀ, ದಿಸ್ ಈಸ್ ಗೈ. ದೇ ಬರ್ನ್ ಹಿಮ್ ಎವ್ರಿ ಇಯರ್!”

“ನನಗೆ ಗೊತ್ತುಂಟು ಮಗಾ. ನಿನ್ನ ಅಜ್ಜ ಅವರ ಕೋಟನ್ನೇ ಸುಡ್ಲಿಕ್ಕೆ ಕೊಟ್ಟವರು. ಹೆಸರು ಇದ್ದ ಕೋಟು. ಮೇಡಂ ನಗ್ಬೇಕಲ್ಲ, ಅದಕ್ಕೆ.”

“ರಿಯಲಿ? ವೈ?”

ದಿಯಾ ನನ್ನ ಕಡೆ ತಿರುಗಿದಳು. ಅಜ್ಜನ ಬಗ್ಗೆ ಅವಳಿಗೆ ಗೊತ್ತಾದ ಮೊದಲ ಸಂಗತಿ ಅದು. ಅವಳನ್ನು ಒಳಗೆ ಕಳಿಸಿ ಬಾಗಿಲು ಮುಚ್ಚಿದೆ.

“ಅಮ್ಮ, ಕೋಟು ಪಪ್ಪ ಕೊಟ್ಟದ್ದಲ್ಲ. ನಾನು ಪೆಟ್ಟಿಗೆಯಿಂದ ಕದ್ದದ್ದು. ಅವರಿಗೆ ಗೊತ್ತೇ ಇರ್ಲಿಲ್ಲ. ನೀನು ಕೇಳಿದಾಗ ನನ್ನನ್ನು ನೋಡಿ ಹೌದು ಅಂತ ಹೇಳಿದ್ದು.”

ಅಮ್ಮನ ಕತ್ತಿ ನಿಂತಿತು. ಅವಳು ಕೂಗುತ್ತಾಳೆ, ಕೈಯಲ್ಲಿದ್ದದ್ದನ್ನು ಎಸೆಯುತ್ತಾಳೆ ಎಂದು ನಾನು ಕಾದೆ. ಎಸೆಯಲಿ ಎಂದೇ ಕಾದೆ.

“ನಿನಗೆ ಆಗ ಎಷ್ಟು ವರ್ಷ?” ಕೇಳಿದಳು.

“ಹತ್ತು.”

“ನಾನು ನಿನಗೆ ಹೊಡಿತಿದ್ದೆ. ಎರಡು ಪೆಟ್ಟು.” ಅವಳು ಕೊಚ್ಚಿದ ಬಸಳೆಯನ್ನು ನೋಡುತ್ತಲೇ ಇದ್ದಳು. “ಎರಡು ಪೆಟ್ಟಲ್ಲಿ ಮುಗಿತಿತ್ತು.”

ಎದ್ದು ಬಸಳೆ ತೊಳೆದು ಒಲೆಯ ಮೇಲೆ ಇಟ್ಟಳು. ವೀಸಾ ಮುಗಿಯಲು ಇನ್ನೂ ಹದಿನೆಂಟು ದಿನ ಇತ್ತು. ಆ ಹದಿನೆಂಟು ದಿನ ಅಮ್ಮ ದಿಯಾಳ ಜೊತೆ ನಕ್ಕಳು, ಕತೆ ಹೇಳಿದಳು, ಅವಳಿಗೆ ಜಡೆ ಹಾಕಿದಳು. ನನಗೆ ಊಟ ಬಡಿಸಿದಳು, ಅನ್ನ ಸಾಕಾ ಎಂದು ಕೇಳಿದಳು. ಈಗ ಪ್ರತಿ ಶುಕ್ರವಾರ ಫೋನ್ ಮಾಡುತ್ತಾಳೆ. ದಿಯಾಳ ಮಾರ್ಕು ಕೇಳುತ್ತಾಳೆ, ಅವಳ ಕೆಮ್ಮು ಕಡಿಮೆಯಾಯಿತಾ ಎಂದು ಕೇಳುತ್ತಾಳೆ. ನಾನು ಬೇರೆ ಏನಾದರೂ ಹೇಳಲು ಶುರು ಮಾಡಿದರೆ, ಫೋನ್ ಮಗುವಿಗೆ ಕೊಡು ಎನ್ನುತ್ತಾಳೆ. ನಾನು ಕೊಡುತ್ತೇನೆ.